ಠಾಣೆಯಿಂದ ಅತಿಥಿಗಳ ಆಧಾರ್ ಕೇಳಿದರೆ ಕೊಡಲೇಬೇಕಾ?

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯಲ್ಲಿ ನಮ್ಮದೊಂದು ಚಿಕ್ಕ ಕಾಫಿ ತೋಟ ಇದೆ, ಜೊತೆಗೆ ಹೋಮ್‌ಸ್ಟೇ ನಡೆಸುತ್ತೇವೆ. ಕೆಲವು ತಿಂಗಳಿಂದ ಬೀಟ್ ಪೊಲೀಸರು ದಿನಾ ಸಂಜೆ ಅತಿಥಿಗಳ ಆಧಾರ್ ಫೋಟೊ, ಗಾಡಿ ನಂಬರ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅಂತಿದ್ದಾರೆ. ಒಂದು ಸಲ ಸಿಸಿಟಿವಿಯ ಡಿವಿಆರ್ (ದೃಶ್ಯ ದಾಖಲಾಗುವ ಪೆಟ್ಟಿಗೆ) ಬಿಚ್ಚಿಕೊಂಡು ಹೋದರು, ಯಾವ ಚೀಟಿಯೂ ಕೊಡಲಿಲ್ಲ. ಲೈನ್‌ಮನೆಯಲ್ಲಿರುವ ಅಸ್ಸಾಂ ಕೆಲಸಗಾರರ ದಾಖಲೆಯನ್ನೂ ಕೇಳಿದ್ದಾರೆ. ಕೊಡದಿದ್ದರೆ ತೊಂದರೆಯಾ? ಕೊಟ್ಟರೆ ತಪ್ಪಾ? ಇಂಜಿನಿಯರಿಂಗ್ ಓದುವ ಮಗ, ‘ಸರ್ಕಾರ ನಮ್ಮ ಫೋನನ್ನೂ ಕೇಳಿಸಿಕೊಳ್ಳುತ್ತೆ’ ಅಂತಾನೆ. ಇದಕ್ಕೆಲ್ಲ ಕಾನೂನು ಏನು ಹೇಳುತ್ತದೆ?

ಉತ್ತರ: ನಮಸ್ಕಾರ. ಹಾಸನದ ಕೋರ್ಟಿನಲ್ಲಿ ವಕೀಲಿ ಮಾಡುವ ನನಗೆ ಘಟ್ಟದ ಕಡೆಯ ಹೋಮ್‌ಸ್ಟೇಯವರಿಂದ ಇಂಥ ಪ್ರಶ್ನೆಗಳು ಈಚೆಗೆ ಜಾಸ್ತಿ ಬರುತ್ತಿವೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಒಂದು ಪ್ರಕರಣದ ತನಿಖೆಗೆ ಬೇಕು ಅಂತ ಠಾಣಾಧಿಕಾರಿ ಬರವಣಿಗೆಯಲ್ಲಿ ಕೇಳಿದರೆ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ದಿನಾ ಸಂಜೆ ಬಂದವರೆಲ್ಲರ ಆಧಾರ್ ಫೋಟೊ ಕಳಿಸಿ ಅಂತ ಬರೀ ಬಾಯಿಮಾತಿನಲ್ಲಿ ಹೇಳಿದರೆ, ಅದನ್ನು ಪಾಲಿಸಲೇಬೇಕು ಅಂತ ಇಲ್ಲ. ಎರಡರ ನಡುವೆ ಇರುವ ವ್ಯತ್ಯಾಸ ಒಂದು ಕಾಗದ. ಯಾರು ಕೇಳಿದರು, ಯಾವ ಸೆಕ್ಷನ್ ಕೆಳಗೆ ಕೇಳಿದರು, ಯಾವ ಕೇಸಿಗೆ ಕೇಳಿದರು ಅನ್ನೋದು ಅದರಲ್ಲಿ ಇರಬೇಕು. ಖಾಸಗಿತನದ ಬಗ್ಗೆ ಸುಪ್ರೀಂ ಕೋರ್ಟ್ ಎಷ್ಟೇ ದೊಡ್ಡ ತೀರ್ಪು ಕೊಟ್ಟಿದ್ದರೂ ನಿಮ್ಮ ಜಗಲಿಯ ಮೇಲೆ ಅದು ಕೆಲಸಕ್ಕೆ ಬರೋದು ಈ ಕಾಗದ ಇದ್ದರೆ ಮಾತ್ರ.

ಕಣ್ಗಾವಲು ಅಂದ ಕೂಡಲೇ ಎಲ್ಲರಿಗೂ ದಿಲ್ಲಿ, ಇಸ್ರೇಲಿನ ತಂತ್ರಾಂಶ, ದೊಡ್ಡ ದೊಡ್ಡ ಸರ್ವರ್‌ಗಳು ನೆನಪಾಗುತ್ತವೆ. ಅದೂ ಇದೆ, ಮುಂದೆ ಹೇಳುತ್ತೇನೆ. ಆದರೆ ಜಿಲ್ಲೆಗಳಲ್ಲಿ ಜನರ ಮಾಹಿತಿ ಸರ್ಕಾರದ ಕೈಗೆ ಹೋಗೋದು ಹೆಚ್ಚಾಗಿ ನಿಮ್ಮಂಥವರ ಟೇಬಲ್ಲಿನಿಂದ. ಒಂದು ಆಧಾರ್ ಫೋಟೊದ ದಾರಿಯನ್ನೇ ನೋಡಿ.

ಬೆಂಗಳೂರಿನ ಒಂದು ಸಂಸಾರ ಶನಿವಾರ ಮಧ್ಯಾಹ್ನ ನಿಮ್ಮಲ್ಲಿ ಬಂದು ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಗಂಡ, ಹೆಂಡತಿ, ಅತ್ತೆ. ಮೂವರ ಕಾರ್ಡನ್ನೂ ನಿಮ್ಮ ಕೆಲಸದ ಹುಡುಗ ತನ್ನ ಫೋನಿನಲ್ಲಿ ಫೋಟೊ ತೆಗೆಯುತ್ತಾನೆ. ರಾತ್ರಿ ವೈಫೈ ಸಿಕ್ಕಾಗ ಅದು ಅವನ ಗೂಗಲ್ ಫೋಟೋಸ್‌ಗೆ ತಾನಾಗೇ ಏರುತ್ತದೆ. ಅವನು ನಿಮಗೆ ಕಳಿಸುತ್ತಾನೆ, ನೀವು ಬೀಟ್ ಕಾನ್‌ಸ್ಟೇಬಲ್‌ಗೆ ಕಳಿಸುತ್ತೀರಿ, ಅವರು ಠಾಣೆಯ ಗ್ರೂಪಿಗೆ ಹಾಕುತ್ತಾರೆ. ಈಗ ಆ ಗ್ರೂಪಿನಲ್ಲಿ ಇರುವಷ್ಟೂ ಫೋನುಗಳಲ್ಲಿ ಆ ಅತ್ತೆಯ ಮುಖ, ಹುಟ್ಟಿದ ದಿನ, ಮನೆ ವಿಳಾಸ, ಆಧಾರಿನ ಹನ್ನೆರಡೂ ಅಂಕಿ ಇವೆ. ಇವು ಇಲಾಖೆ ಕೊಟ್ಟ ಫೋನುಗಳೇ ಆಗಿರಬೇಕು ಅಂತೇನಿಲ್ಲ, ಎಷ್ಟೋ ಅವರವರ ಸ್ವಂತ ಫೋನುಗಳು. ಕಾನ್‌ಸ್ಟೇಬಲ್‌ಗೆ ಬೇರೆ ಕಡೆ ವರ್ಗ ಆದರೆ ಫೋಟೊ ಅವರ ಜೇಬಿನಲ್ಲೇ ಹೋಗುತ್ತದೆ. ಹಳೇ ಫೋನ್ ಮಾರಿದರೆ ಕೊಂಡವರಿಗೆ ಸಿಗಲೂಬಹುದು. ಭಾನುವಾರ ಆ ಸಂಸಾರ ಅಕ್ಕಿರೊಟ್ಟಿ ತಿಂದು ಊರಿಗೆ ಹೊರಟಿತು. ಯಾವ ಅಪರಾಧವೂ ನಡೆದಿಲ್ಲ, ಯಾವ ತನಿಖೆಯೂ ಇಲ್ಲ. ಫೋಟೊ ಮಾತ್ರ ಹಾಗೇ ಇದೆ. ಅದನ್ನು ಅಳಿಸುವ ಜವಾಬ್ದಾರಿ ಯಾರದ್ದೂ ಅಲ್ಲ, ಯಾಕೆಂದರೆ ಅದು ಠಾಣೆಯ ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ.

ಕಾನ್‌ಸ್ಟೇಬಲ್ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೂ ಮೇಲಿನಿಂದ ಒತ್ತಡ ಇರುತ್ತದೆ. ದೂರದ ತೋಟಗಳಲ್ಲಿ ಯಾರು ಬಂದು ಉಳಿಯುತ್ತಾರೆ ಅಂತ ಪೊಲೀಸರಿಗೆ ತಿಳಿದಿರಬೇಕು ಅನ್ನೋದೂ ನ್ಯಾಯವಾದ ಮಾತು. ಅದಕ್ಕಾಗಿಯೇ ಅತಿಥಿಗಳ ರಿಜಿಸ್ಟರ್ ಇರುವುದು. ಹೆಸರು, ಊರು, ಫೋನ್ ನಂಬರ್, ಬಂದ ದಿನ, ಹೋದ ದಿನ, ಗಾಡಿ ನಂಬರ್ ಬರೆದು ಸಹಿ ಹಾಕಿಸಿ. ಅಧಿಕಾರಿ ಬಂದಾಗ ಪುಸ್ತಕ ತೋರಿಸಿ, ನೋಡಿದ ದಿನಾಂಕದ ಜೊತೆ ಅವರ ಸಹಿಯನ್ನೂ ಅದರಲ್ಲೇ ಪಡೆಯಿರಿ. ವಿದೇಶಿಯರು ಬಂದರೆ ಮಾತ್ರ ಬೇರೆ ಲೆಕ್ಕ. ನಾವೆಲ್ಲ ‘ಫಾರ್ಮ್ ಸಿ’ ಅಂತ ಕರೆಯುವ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕೊಡಲೇಬೇಕು. 2025ರ ಸೆಪ್ಟೆಂಬರ್ 1ರಿಂದ ಇದಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ಅದರಲ್ಲಿ ಉದಾಸೀನ ಬೇಡ.

ಆಧಾರ್ ಪ್ರತಿ ಇಟ್ಟುಕೊಳ್ಳುವ ವಿಚಾರಕ್ಕೆ ಬಂದರೆ, 2022ರ ಮೇನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಬಳಸಲು ಪ್ರಾಧಿಕಾರದ ಪರವಾನಗಿ ಇಲ್ಲದ ಹೋಟೆಲ್, ಸಿನಿಮಾ ಹಾಲ್‌ಗಳು ಆಧಾರ್ ಪ್ರತಿ ತೆಗೆದಿಟ್ಟುಕೊಳ್ಳುವಂತಿಲ್ಲ ಅಂತ ಅದರಲ್ಲಿತ್ತು. ಜನ ಗಾಬರಿಯಾದರು, ತಪ್ಪಾಗಿ ಅರ್ಥವಾಗಬಹುದು ಅಂತ ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆದರು. ನನ್ನ ಪ್ರಕಾರ ಪ್ರಕಟಣೆಯ ಬುದ್ಧಿಮಾತು ಸರಿಯಾಗಿಯೇ ಇತ್ತು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು, ಇಲ್ಲದಿದ್ದರೆ ಡ್ರೈವಿಂಗ್ ಲೈಸೆನ್ಸ್ ತೋರಿಸಲಿ. ಕಾರ್ಡ್ ಕಣ್ಣಲ್ಲಿ ನೋಡಿ, ಕೊನೆಯ ನಾಲ್ಕು ಅಂಕಿ ರಿಜಿಸ್ಟರಿನಲ್ಲಿ ಬರೆದು, ಕಾರ್ಡ್ ವಾಪಸ್ ಕೊಡಿ. ನಿಮ್ಮ ಹತ್ತಿರ ಇಲ್ಲದ್ದನ್ನು ಯಾರೂ ನಿಮ್ಮಿಂದ ಕೇಳಲಾರರು, ಕದಿಯಲೂ ಆರರು.

ಇನ್ನು ಡಿವಿಆರ್. ಇದು ಹೆಚ್ಚು ಗಂಭೀರ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 94ನೇ ಸೆಕ್ಷನ್ ಪ್ರಕಾರ ತನಿಖೆಗೆ ಅಗತ್ಯ ಅನಿಸಿದರೆ ಠಾಣಾಧಿಕಾರಿ ದಾಖಲೆ, ಡಿಜಿಟಲ್ ಸಾಕ್ಷ್ಯ ಇರುವ ಸಾಧನ ಯಾವುದನ್ನಾದರೂ ಹಾಜರುಪಡಿಸಿ ಅಂತ ಹೇಳಬಹುದು. ಆದರೆ ಲಿಖಿತ ಆದೇಶದ ಮೂಲಕ ಹೇಳಬೇಕು. ಆದೇಶ ಕಾಗದದಲ್ಲೂ ಇರಬಹುದು, ಇ-ರೂಪದಲ್ಲೂ ಇರಬಹುದು. ಅಂದರೆ ವಾಟ್ಸ್‌ಆ್ಯಪ್‌ನಲ್ಲಿ ಸಹಿ ಇರುವ ನೋಟಿಸ್ ಬಂದರೆ ‘ಇದು ನಡೆಯಲ್ಲ’ ಅನ್ನಬೇಡಿ. ‘ಸ್ವಲ್ಪ ಡಿವಿಆರ್ ಕೊಡಿ ಸಾರ್, ಸಾಹೇಬ್ರು ನೋಡಬೇಕಂತೆ’ ಅನ್ನೋದು ಮಾತ್ರ ಆದೇಶ ಆಗುವುದಿಲ್ಲ.

ಕೊಡುವಾಗ ಹೀಗೆ ಮಾಡಿ. ಇಡೀ ಡಿವಿಆರ್ ಕೊಡುವ ಬದಲು ಅವರು ಕೇಳಿದ ದಿನ, ಕೇಳಿದ ಹೊತ್ತಿನ ದೃಶ್ಯವನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇನೆ ಅನ್ನಿ. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಒಂದು ಚೂರು ದೃಶ್ಯ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಇದು ಪೊಲೀಸರ ಕೇಸಿಗೂ ಒಳ್ಳೆಯದು, ನಿಮಗೂ ರಕ್ಷಣೆ. ಇಲ್ಲ, ಡಿವಿಆರ್‌ನೇ ಜಪ್ತಿ ಮಾಡಬೇಕು ಅಂದರೆ ಮಹಜರು ಆಗಬೇಕು, ಪಂಚರು (ಸಾಕ್ಷಿಗಳು) ಇರಬೇಕು, ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಇಡೀ ಪ್ರಕ್ರಿಯೆಯ ವಿಡಿಯೊ ಚಿತ್ರೀಕರಣ ಆಗಬೇಕು, ಅದು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ನಿಮ್ಮಲ್ಲಿ ಇದ್ಯಾವುದೂ ಆಗಿಲ್ಲ. ಈಗಲೂ ತಡವಾಗಿಲ್ಲ. ‘ಇಂಥ ದಿನ ಇಂಥ ಕಂಪನಿಯ, ಇಂಥ ಸೀರಿಯಲ್ ನಂಬರಿನ ಡಿವಿಆರ್ ಒಯ್ದಿದ್ದೀರಿ, ಯಾವ ಪ್ರಕರಣಕ್ಕೆ ಅಂತ ತಿಳಿಸಿ, ಜಪ್ತಿ ಪಟ್ಟಿಯ ಪ್ರತಿ ಕೊಡಿ’ ಅಂತ ಠಾಣೆಗೆ ಒಂದು ಅರ್ಜಿ ಕೊಡಿ, ಹಿಂಬರಹ ಕೇಳಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಜಗಳದ ಧಾಟಿ ಬೇಡ, ನಾಲ್ಕು ಸಾಲು ಸಾಕು.

ನಾಳೆ ನಿಮ್ಮ ಫೋನನ್ನೇ ಬಿಚ್ಚಿ ತೋರಿಸಿ ಅಂದರೆ? ನಮ್ಮ ಕರ್ನಾಟಕ ಹೈಕೋರ್ಟ್ 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ನೀವಾಗೇ ಒಪ್ಪಿದರೆ ಸರಿ. ಒಪ್ಪದಿದ್ದರೆ ತನಿಖಾಧಿಕಾರಿ ತಾನೇ ಬಲವಂತವಾಗಿ ಪಾಸ್‌ವರ್ಡ್ ಕೇಳುವಂತಿಲ್ಲ, ಕೋರ್ಟಿಗೆ ಹೋಗಿ ಆದೇಶ ತರಬೇಕು. ತುರ್ತು ಇದ್ದರೆ ಕಾರಣ ಬರೆದಿಟ್ಟು ಶೋಧ ಮಾಡಬಹುದು. ಅದೇ ತೀರ್ಪು, ಕೋರ್ಟ್ ಹೇಳಿದ ಮೇಲೂ ಪಾಸ್‌ವರ್ಡ್ ಕೊಡದಿದ್ದರೆ ನಿಮ್ಮ ವಿರುದ್ಧ ತೀರ್ಮಾನಕ್ಕೆ ಬರಬಹುದು ಅಂತಲೂ ಹೇಳಿದೆ. ಅರ್ಧ ಮಾತ್ರ ನೆನಪಿಟ್ಟುಕೊಂಡು ವಾದಕ್ಕೆ ನಿಲ್ಲಬೇಡಿ.

ಈಗ ಇದೆಲ್ಲದರ ಬುಡಕ್ಕೆ ಬರೋಣ. ಮಲೆನಾಡಿನವರಿಗೆ ಪೊಲೀಸರು ಮನೆಗೆ ಬಂದು ‘ಯಾರು ಬಂದಿದ್ರು, ಯಾವಾಗ ಹೋದ್ರು’ ಅಂತ ಕೇಳೋದು ಹೊಸದಲ್ಲ. ನಕ್ಸಲ್ ಓಡಾಟದ ವರ್ಷಗಳಲ್ಲಿ ಶೃಂಗೇರಿ, ಕೊಪ್ಪ ಕಡೆಯ ಕಾಡಂಚಿನ ಮನೆಗಳವರು ಇದನ್ನು ಸಾಕಷ್ಟು ಕಂಡಿದ್ದಾರೆ. ಸುಪ್ರೀಂ ಕೋರ್ಟಿನಲ್ಲಿ ಖಾಸಗಿತನದ ಮಾತು ಬೆಳೆದಿದ್ದೂ ಇಂಥದ್ದೇ ಬಾಗಿಲು ಬಡಿತದಿಂದ. ಉತ್ತರ ಪ್ರದೇಶದ ಖರಕ್ ಸಿಂಗ್ ಅನ್ನುವವರನ್ನು ಡಕಾಯಿತಿ ಕೇಸಿನಲ್ಲಿ ಹಿಡಿದು, ಸಾಕ್ಷ್ಯ ಇಲ್ಲದೆ ಬಿಟ್ಟಿದ್ದರು. ಆದರೂ ಅವರ ಹೆಸರಿನಲ್ಲಿ ನಿಗಾ ಇಡುವ ಶೀಟ್ ತೆರೆದು, ರಾತ್ರಿ ಹೊತ್ತು ಮನೆಗೆ ಹೋಗಿ ಎಬ್ಬಿಸುತ್ತಿದ್ದರು. 1962ರಲ್ಲಿ ಕೋರ್ಟ್ ಆ ರಾತ್ರಿ ಭೇಟಿಯ ನಿಯಮವನ್ನು ರದ್ದು ಮಾಡಿತು. ಜೊತೆಗೇ, ಖಾಸಗಿತನ ಅನ್ನೋದು ಸಂವಿಧಾನ ಕೊಟ್ಟ ಹಕ್ಕಲ್ಲ ಅಂತಲೂ ಬರೆಯಿತು. ಒಪ್ಪದೆ ಬೇರೆ ತೀರ್ಪು ಬರೆದವರು ನ್ಯಾಯಮೂರ್ತಿ ಸುಬ್ಬರಾವ್.

ಅವರ ಮಾತು ಗೆಲ್ಲೋಕೆ 55 ವರ್ಷ ಬೇಕಾಯಿತು. ಗೆಲ್ಲಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ಮನೆಯಲ್ಲಿ ಹಾಯಾಗಿ ಇರಬಹುದಾಗಿದ್ದವರು ಇಡೀ ದೇಶಕ್ಕೆ ಒಂದು ಹಕ್ಕು ಕೊಡಿಸಿ ಹೋದರು ಅಂತ ನೆನೆದಾಗಲೆಲ್ಲ ನನಗೆ ಹೆಮ್ಮೆ ಅನಿಸುತ್ತದೆ.

ಆ ತೀರ್ಪಿನ ತಿರುಳು ಇಷ್ಟು. ಸರ್ಕಾರ ನಿಮ್ಮ ಖಾಸಗಿ ಬದುಕಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಹಾಕಬೇಕು. ಮುಳ್ಳಯ್ಯನಗಿರಿಗೆ ಹೋಗೋಕೆ ಈಗ ಆನ್‌ಲೈನ್‌ನಲ್ಲಿ ಗಾಡಿ ನಂಬರ್ ಕೊಟ್ಟು ಬುಕ್ ಮಾಡಬೇಕಲ್ವಾ? ಗಿರಿಯ ರಸ್ತೆಯಲ್ಲಿ ವಾಹನ ಕಿಕ್ಕಿರಿಯುವುದನ್ನು ತಡೆಯುವುದು ನ್ಯಾಯವಾದ ಉದ್ದೇಶವೇ. ಆ ಪಟ್ಟಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಬೇರೆ ಯಾರಿಗೆ ಕೊಡುತ್ತಾರೆ ಅನ್ನೋದು ಕೇಳಬೇಕಾದ ಪ್ರಶ್ನೆ. ನಿಮ್ಮ ಅತಿಥಿಗಳ ಆಧಾರಿಗೂ ಇದೇ ಅಳತೆ ಹಿಡಿಯಿರಿ. ಭದ್ರತೆ ಅನ್ನುವ ಉದ್ದೇಶ ಸರಿ. ಕಾನೂನಿನ ಆಸರೆ ತೋರಿಸಿಲ್ಲ. ಅಗತ್ಯಕ್ಕಿಂತ ಎಷ್ಟೋ ಜಾಸ್ತಿ ತೆಗೆದುಕೊಳ್ಳುತ್ತಿದ್ದಾರೆ.

ನಿಮ್ಮ ಮಗ ಹೇಳಿದ ಫೋನಿನ ವಿಚಾರ. ಫೋನ್ ಕದ್ದಾಲಿಕೆ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರುವ ಮಾತು, 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದೇ ಆ ಆರೋಪದ ಮೇಲೆ. ಆಗ ಇದ್ದ ಕಾನೂನು 1885ರ ಟೆಲಿಗ್ರಾಫ್ ಕಾಯ್ದೆ. ಕದ್ದಾಲಿಸಲು ಅಧಿಕಾರ ಇತ್ತು, ಅಧಿಕಾರಕ್ಕೆ ಲಗಾಮು ಇರಲಿಲ್ಲ. 1996ರಲ್ಲಿ, ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೊದಲ ಸಲ ಲಗಾಮು ಹಾಕಿತು.

ಈಗ ಜಾರಿಯಲ್ಲಿರೋದು 2023ರ ದೂರಸಂಪರ್ಕ ಕಾಯ್ದೆ ಮತ್ತು 2024ರ ಡಿಸೆಂಬರ್‌ನಲ್ಲಿ ಬಂದ ಅದರ ನಿಯಮಗಳು. ಕದ್ದಾಲಿಸಬೇಕಾದರೆ ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣ ಇರಬೇಕು. ಆದೇಶಕ್ಕೆ 60 ದಿನ ಆಯಸ್ಸು, ಮುಂದುವರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ತುರ್ತಿನಲ್ಲಿ ರಾಜ್ಯದ ಐಜಿಪಿ ದರ್ಜೆಯ ಅಧಿಕಾರಿ ಶುರು ಮಾಡಬಹುದು, ಏಳು ಕೆಲಸದ ದಿನದೊಳಗೆ ಮೇಲಿನ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು. ಕಂಪ್ಯೂಟರ್, ಇಂಟರ್ನೆಟ್ ಮಾಹಿತಿಗೆ ಇದೇ ಥರದ ಅಧಿಕಾರ ಐಟಿ ಕಾಯ್ದೆಯ 69ನೇ ಸೆಕ್ಷನ್‌ನಲ್ಲಿದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಹತ್ತು ಸಂಸ್ಥೆಗಳಿಗೆ ಆ ಅಧಿಕಾರ ಕೊಟ್ಟಿತು. ಅಂದರೆ ನಿಮ್ಮ ಊರಿನ ಠಾಣೆಯವರು ಮನಸ್ಸು ಬಂದ ಹಾಗೆ ನಿಮ್ಮ ಮಾತು ಕೇಳುವಂತಿಲ್ಲ.

ಓದೋಕೆ ಚೆನ್ನಾಗಿದೆ. ನನ್ನ ತಕರಾರು ಇರೋದು ಮುಂದಿನ ಹೆಜ್ಜೆಯಲ್ಲಿ. ಈ ಆದೇಶಗಳು ಸರಿಯಿವೆಯಾ ಅಂತ ನೋಡೋಕೆ ಒಂದು ಪರಿಶೀಲನಾ ಸಮಿತಿ ಇದೆ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಅದರ ಅಧ್ಯಕ್ಷರು. ಅದರಲ್ಲಿ ನ್ಯಾಯಾಧೀಶರು ಒಬ್ಬರೂ ಇಲ್ಲ. ಆದೇಶ ಕೊಡುವವರೂ ಸರ್ಕಾರದ ಅಧಿಕಾರಿ, ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳು. ಸಮಿತಿ ಎರಡು ತಿಂಗಳಿಗೊಮ್ಮೆ ಸೇರುತ್ತದೆ. ದತ್ತಾಂಶ ಕಾನೂನಿನ ಬಗ್ಗೆ 2018ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಇದರ ಲೆಕ್ಕ ಹಾಕಿತ್ತು. ಪ್ರತಿ ಸಭೆಯಲ್ಲೂ 15,000ದಿಂದ 18,000 ಆದೇಶಗಳನ್ನು ನೋಡಬೇಕಾಗುತ್ತದೆ ಅಂತ. ಒಂದು ಆದೇಶಕ್ಕೆ ಒಂದೇ ನಿಮಿಷ ಕೊಟ್ಟರೂ ದಿನಕ್ಕೆ ಎಂಟು ಗಂಟೆಯಂತೆ ಒಂದು ತಿಂಗಳು ಕೂರಬೇಕು. ಯಾರ ಫೋನ್ ಕೇಳಿಸಿಕೊಂಡರೋ ಅವರಿಗೆ ಆಮೇಲೂ ಯಾರೂ ತಿಳಿಸುವುದಿಲ್ಲ. ತಿಳಿಯದವರು ಯಾವ ಕೋರ್ಟಿಗೆ ಹೋಗುತ್ತಾರೆ? ಬ್ರಿಟನ್ 2016ರ ಕಾಯ್ದೆಯಲ್ಲಿ, ಸಚಿವರು ಹೊರಡಿಸುವ ಇಂಥ ವಾರಂಟ್‌ಗೆ ನ್ಯಾಯಾಂಗ ಆಯುಕ್ತರೊಬ್ಬರ ಒಪ್ಪಿಗೆಯೂ ಬೇಕು ಅಂತ ಮಾಡಿತು. ನಮ್ಮಲ್ಲೂ ಆಗಬೇಕಾದ ಮೊದಲ ತಿದ್ದುಪಡಿ ಇದೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಕೋರ್ಟುಗಳೂ ಇನ್ನೂ ಒಂದೇ ದಾರಿಯಲ್ಲಿಲ್ಲ. 2025ರಲ್ಲಿ ಒಂದು ಭ್ರಷ್ಟಾಚಾರ ಪ್ರಕರಣದ ಕದ್ದಾಲಿಕೆಯನ್ನು ದಿಲ್ಲಿ ಹೈಕೋರ್ಟ್ ಸರಿ ಅಂದರೆ, ಮದ್ರಾಸ್ ಹೈಕೋರ್ಟ್ ಅಂಥದ್ದೇ ಇನ್ನೊಂದು ಆದೇಶವನ್ನು ರದ್ದು ಮಾಡಿತು.

ಮಾತು ಕೇಳುವುದಕ್ಕಿಂತ ದಿನನಿತ್ಯ ಹೆಚ್ಚು ಬಳಕೆಯಾಗೋದು ಸಿಡಿಆರ್. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಟವರಿನಿಂದ ಕರೆ ಮಾಡಿದರು ಅನ್ನುವ ಪಟ್ಟಿ. ಕಂಪನಿಗಳು ಇದನ್ನು ಕನಿಷ್ಠ ಎರಡು ವರ್ಷ ಇಟ್ಟಿರಬೇಕು ಅಂತ 2021ರ ಡಿಸೆಂಬರ್‌ನಲ್ಲಿ ನಿಯಮ ಆಯಿತು. ಇದಕ್ಕೆ ಗೃಹ ಕಾರ್ಯದರ್ಶಿಯ ಆದೇಶ ಬೇಕಿಲ್ಲ. ಟವರ್ ಡಂಪ್ ಅಂತ ಇನ್ನೊಂದಿದೆ, ಒಂದು ಹೊತ್ತಿನಲ್ಲಿ ಆ ಟವರ್ ಕೆಳಗೆ ಇದ್ದ ಎಲ್ಲ ನಂಬರುಗಳ ಪಟ್ಟಿ. ಪೇಟೆಯಲ್ಲಿ ಅದು ಒಂದೆರಡು ಬೀದಿ. ಘಟ್ಟದ ಕಡೆ ಸುತ್ತಲಿನ ನಾಲ್ಕಾರು ಹಳ್ಳಿಗೆ ಒಂದೇ ಟವರ್ ಇರುತ್ತದೆ, ಆ ಪಟ್ಟಿಯಲ್ಲಿ ಊರಿಗೆ ಊರೇ ಬರುತ್ತದೆ.

ವಾಟ್ಸ್‌ಆ್ಯಪ್ ಸಂದೇಶವನ್ನು ದಾರಿಯಲ್ಲಿ ಯಾರೂ ಓದಲಾರರು, 2016ರಿಂದ ಅದಕ್ಕೆ ಎರಡೂ ತುದಿಯ ಗೂಢಲಿಪಿ ಇದೆ. ಯಾರು ಯಾರ ಜೊತೆ, ಯಾವಾಗ ಅನ್ನುವ ವಿವರ ಮಾತ್ರ ಕಂಪನಿಗೆ ಗೊತ್ತಿರುತ್ತದೆ. ಇನ್ನು ಫೋನಿನ ಒಳಗೇ ಯಾರಾದರೂ ಬಂದು ಕೂತರೆ ಗೂಢಲಿಪಿ ಕೆಲಸಕ್ಕೆ ಬರುವುದಿಲ್ಲ. ಇಸ್ರೇಲಿನ ಪೆಗಾಸಸ್ ಅನ್ನುವ ಗೂಢಚಾರಿ ತಂತ್ರಾಂಶ ಮಾಡಿದ್ದು ಅದನ್ನೇ. ಸುಪ್ರೀಂ ಕೋರ್ಟ್ ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಉಸ್ತುವಾರಿಯಲ್ಲಿ ತಜ್ಞರ ತನಿಖೆ ಮಾಡಿಸಿತು. 29 ಫೋನು ಪರೀಕ್ಷಿಸಿದರು, ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ತನಿಖೆಗೆ ಸಹಕರಿಸಲಿಲ್ಲ ಅಂತ 2022ರ ಆಗಸ್ಟ್‌ನಲ್ಲಿ ಕೋರ್ಟೇ ಹೇಳಿತು. ಅಂಥ ದುಬಾರಿ ತಂತ್ರಾಂಶವನ್ನು ಹೋಮ್‌ಸ್ಟೇ ನಡೆಸುವವರ ಮೇಲೆ ಬಿಡುತ್ತಾರೆ ಅಂತ ಮಗ ಹೆದರಬೇಕಿಲ್ಲ. ಪತ್ರಕರ್ತರು, ವಿರೋಧ ಪಕ್ಷದವರು, ವಕೀಲರ ವಿಚಾರದಲ್ಲಿ ಹಾಗೆ ಹೇಳಲಾರೆ.

ಹೊಸದಾಗಿ ಬಂದ ದತ್ತಾಂಶ ಕಾಯ್ದೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ನಿಮಗೂ ಅನ್ವಯಿಸುತ್ತದೆ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಆಯಿತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳು 2027ರ ಮೇ ಹೊತ್ತಿಗೆ ಜಾರಿಯಾಗುತ್ತವೆ. ಕಾಗದದ ರಿಜಿಸ್ಟರ್ ಇದರೊಳಗೆ ಬರುವುದಿಲ್ಲ. ಅದನ್ನು ಫೋಟೊ ತೆಗೆದು ಫೋನಿಗೆ ಹಾಕಿದ ಕೂಡಲೇ ಬರುತ್ತದೆ. ಆಗ ಅತಿಥಿಯ ಒಪ್ಪಿಗೆ, ಯಾಕೆ ಬೇಕು ಅಂತ ತಿಳಿಸುವುದು, ಕೆಲಸ ಮುಗಿದ ಮೇಲೆ ಅಳಿಸುವುದು, ಸೋರದಂತೆ ಕಾಯುವುದು ಎಲ್ಲ ನಿಮ್ಮ ತಲೆಯ ಮೇಲೆ. ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಸಣ್ಣವರಿಗೆ ಅಷ್ಟು ಹಾಕುವುದಿಲ್ಲ, ತಪ್ಪಿನ ತೂಕ ನೋಡಿ ಹಾಕಬೇಕು ಅಂತ ಕಾಯ್ದೆಯಲ್ಲೇ ಇದೆ. ಆ ದಂಡ ಹೋಗೋದು ಖಜಾನೆಗೆ, ಮಾಹಿತಿ ಸೋರಿ ನಷ್ಟವಾದವರಿಗೆ ಇದರಲ್ಲಿ ಪರಿಹಾರ ಇಲ್ಲ.

ಸರ್ಕಾರಕ್ಕೆ ಮಾತ್ರ ಅದೇ ಕಾಯ್ದೆ ತುಂಬ ಸಡಿಲ. ಅಪರಾಧ ತಡೆ, ತನಿಖೆ ಅಂದರೆ ಬಹುಪಾಲು ಹೊಣೆಗಳಿಂದ ವಿನಾಯಿತಿ. 17ನೇ ಸೆಕ್ಷನ್ ಕೆಳಗೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಯನ್ನು ಬೇಕಾದರೂ ಇಡಿಯಾಗಿ ಕಾಯ್ದೆಯಿಂದ ಹೊರಗಿಡಬಹುದು. ಜನ ಸರ್ಕಾರವನ್ನು ಪ್ರಶ್ನಿಸಲು ಬಳಸುತ್ತಿದ್ದ ಮಾಹಿತಿ ಹಕ್ಕು ಕಾಯ್ದೆಯನ್ನೂ ಇದರ ಮೂಲಕವೇ ತಿದ್ದಿದರು. ವೈಯಕ್ತಿಕ ಮಾಹಿತಿ ಅಂತ ಹೇಳಿ ಅರ್ಜಿ ತಿರಸ್ಕರಿಸೋದು ಈಗ ಮೊದಲಿಗಿಂತ ಸುಲಭ. ಪ್ರಜೆಯ ಮನೆಗೆ ಕಿಟಕಿ ಇಟ್ಟು, ಕಚೇರಿಯ ಕಿಟಕಿ ಮುಚ್ಚಿದ ಹಾಗೆ ಇದು. ಖಾಸಗಿತನದ ಹೆಸರಿನಲ್ಲಿ ಆಗಬಾರದಾಗಿದ್ದ ಕೆಲಸ.

ತಪ್ಪು ಮಾಡದವರಿಗೆ ಯಾಕೆ ಭಯ ಅಂತ ನಿಮ್ಮ ಊರಿನಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಸನದವರಾದ ನಮಗೆ ಆ ಪ್ರಶ್ನೆ ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭೆ ಮತದಾನಕ್ಕೆ ಮುಂಚೆ, ಇಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಅದರಲ್ಲಿದ್ದ ಹೆಣ್ಣುಮಕ್ಕಳ ಮುಖವನ್ನು ಮರೆಮಾಡಬೇಕು ಅಂತ ಹಂಚಿದವರಿಗೆ ಅನಿಸಲಿಲ್ಲ. ಆ ಹೆಣ್ಣುಮಕ್ಕಳು ಯಾವ ತಪ್ಪು ಮಾಡಿದ್ದರು? ಅದನ್ನು ಹಂಚಿದ್ದು ಸರ್ಕಾರ ಅಲ್ಲ, ನಿಜ. ಒಮ್ಮೆ ಫೈಲ್ ಆಗಿ ಕೈಬಿಟ್ಟ ಬದುಕು ಯಾರ ಕೈಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ನಾನು ಹೇಳೋದು ಅಷ್ಟೇ. ಸರ್ಕಾರದ ಕೈಯಲ್ಲಿದ್ದದ್ದೂ ಸೋರುತ್ತದೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಜಮೀನು ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ಕದ್ದು, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಯಿಂದ ಹಣ ತೆಗೆದರು. ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದು ಬಿಟ್ಟರೆ ಅವರೂ ಏನೂ ಮಾಡಿರಲಿಲ್ಲ. ನಿಮ್ಮ ಮನೆಯವರೆಲ್ಲರ ಆಧಾರ್ ಬಯೋಮೆಟ್ರಿಕ್ ಇವತ್ತೇ ಲಾಕ್ ಮಾಡಿಸಿ, ಆಧಾರ್ ಆ್ಯಪ್‌ನಲ್ಲೇ ಆಗುತ್ತದೆ.

ಕೊನೆಯದಾಗಿ ಲೈನ್‌ಮನೆಯವರ ವಿಚಾರ. ಅತಿಥಿಗಳ ಬಗ್ಗೆ ನೀವು ಹಿಂದುಮುಂದು ನೋಡಿದಿರಿ, ಒಳ್ಳೆಯದು. ಕೆಲಸಗಾರರ ದಾಖಲೆ ಕೊಡುವಾಗ ಬಹಳ ಜನ ಅಷ್ಟೂ ಯೋಚಿಸುವುದಿಲ್ಲ. ಸಂವಿಧಾನದ 21ನೇ ವಿಧಿ ‘ಯಾವುದೇ ವ್ಯಕ್ತಿ’ ಅನ್ನುತ್ತದೆ. ಪುಟ್ಟಸ್ವಾಮಿ ತೀರ್ಪು ತೋಟದ ಮಾಲೀಕರಿಗೆ ಎಷ್ಟೋ, ಕಾಫಿ ಕೊಯ್ಯಲು ಬಂದವರಿಗೂ ಅಷ್ಟೇ. ಮಾಲೀಕರಾಗಿ ಹೆಸರು, ಊರು, ಕೆಲಸಕ್ಕೆ ಸೇರಿದ ದಿನ, ಕೂಲಿಯ ಲೆಕ್ಕ ಇಡಬೇಕಾದದ್ದು ನಿಮ್ಮ ಕರ್ತವ್ಯ, ಅದನ್ನು ಅಚ್ಚುಕಟ್ಟಾಗಿ ಇಡಿ. ಪೊಲೀಸರು ಬಂದು ಕೇಳಿದರೆ ಆ ಪುಸ್ತಕ ತೋರಿಸಿ. ಎಲ್ಲರ ಬೆರಳಚ್ಚು, ಎಲ್ಲರ ಫೋಟೊ ಬೇಕು ಅಂದರೆ ಯಾವ ಆದೇಶದ ಮೇಲೆ ಅಂತ ಬರೆದುಕೊಡಲು ಕೇಳಿ. ಬರೆದುಕೊಟ್ಟರೆ ಅದರ ಪ್ರತಿ ಹಿಡಿದುಕೊಂಡು ವಕೀಲರನ್ನು ಕಾಣಿ. ಹೊಸ ದತ್ತಾಂಶ ಕಾಯ್ದೆಯ ಪ್ರಕಾರ ಮಾಹಿತಿ ಯಾಕೆ ತೆಗೆದುಕೊಳ್ಳುತ್ತೀರಿ ಅನ್ನುವ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಹಕ್ಕು ಅವರಿಗಿದೆ. ಅಸ್ಸಾಮಿ, ಬಂಗಾಳಿ, ಬೋಡೊ ಮೂರೂ ಆ ಪಟ್ಟಿಯಲ್ಲಿವೆ. ಅವರಲ್ಲೇ ಓದು ಬಲ್ಲ ಒಬ್ಬರನ್ನು ಕೂರಿಸಿಕೊಂಡು ವಿವರಿಸಿ. ಮುಂಗಡ ಕೊಟ್ಟಿದ್ದೀರಿ ಅಂತ ಅವರ ಮೂಲ ಆಧಾರ್ ಕಾರ್ಡನ್ನು ನಿಮ್ಮ ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ದಯವಿಟ್ಟು ಇವತ್ತು ಸಂಜೆಯೇ ಅವರವರ ಕೈಗೆ ಕೊಟ್ಟುಬಿಡಿ.